ಕೋಳಿ ಕೆದಕಿದ ಜಾಗ

"ಮಣ್ಣು ಕಾಣ್ಬಾರ್ದು ಅಂದ್ರಲ್ಲಣ್ಣಾ."

ಸೋಮವಾರ ಬೆಳಗ್ಗೆ ಕೃಷಿ ಹೊಂಡದ ಬದುವಿನ ಮೇಲೆ ನಿಂತು ಆ ಅಕ್ಕ ಹೇಳಿದ ಮಾತು ಇದು. ಇವತ್ತು ಗುರುವಾರ, ಇನ್ನೂ ಕಿವಿಯಲ್ಲೇ ಇದೆ. ಮುಳಬಾಗಿಲು ಕಡೆಯ ಊರು. ಮೂರು ಸೀಮೆಹಸು, ಎರಡು ಹೊತ್ತು ಡೈರಿಗೆ ಹಾಲು, ಮೇವಿಗೆ ಮಾತ್ರ ವರ್ಷವಿಡೀ ಪರದಾಟ. ಹೊಂಡ ತೋಡಿದಾಗ ಎದ್ದ ಬದು ಬೋಳಾಗಿ ಕೊರೆದುಹೋಗುತ್ತಿತ್ತು. ಅದಕ್ಕೆ ಅಂಜನ್ ಹುಲ್ಲು ಹಾಕೋಣ ಎಂದುಕೊಂಡರು. ಮಣ್ಣೂ ನಿಲ್ಲುತ್ತದೆ, ಮೇವೂ ಸಿಗುತ್ತದೆ. ಇದಕ್ಕಿಂತ ಒಳ್ಳೆಯ ಯೋಚನೆ ಇಲ್ಲ.

ಹೊರ ಇಳಿಜಾರು 60 ಅಡಿ ಉದ್ದ, 9 ಅಡಿ ಅಗಲ, ಅಂದರೆ ಹತ್ತಿರ ಹತ್ತಿರ ಅರ್ಧ ಗುಂಟೆ. ಬೀಜ ಚೆಲ್ಲಿ, ಮೇಲೆ ಒಣ ರಾಗಿ ಹುಲ್ಲು ಹೊದಿಸಿ ಹನ್ನೆರಡು ದಿನವಾಗಿತ್ತು. ಪುನರ್ವಸು ಮಳೆಯೂ ಎರಡು ಸಲ ಹದವಾಗಿ ಬಿದ್ದಿತ್ತು. ಆದರೂ ಬದುವಿನಲ್ಲಿ ಹಸಿರಿನ ಸುಳಿವಿಲ್ಲ.

"ಎಷ್ಟು ಹುಲ್ಲು ಹೊದಿಸಿದ್ರಿ ಅಕ್ಕ?"

"ಆರು ಹೊರೆ. ಮಣ್ಣು ಕಾಣ್ಬಾರ್ದು ಅಂದ್ರಲ್ಲಣ್ಣಾ."

ಆರು ಹೊರೆ ರಾಗಿ ಹುಲ್ಲು. ಹೊರೆಗೆ ಹತ್ತು ಕೆ.ಜಿ. ಹಿಡಿದರೂ 60 ಕೆ.ಜಿ. ಈ ಜಾಗಕ್ಕೆ ಬೇಕಾಗಿದ್ದದ್ದು 11ರಿಂದ 16 ಕೆ.ಜಿ. ಉಳಿದದ್ದು ಒಂದು ಹಸುವಿಗೆ ಒಂದು ವಾರದ ಒಣಮೇವು. ಬಣವೆಯಿಂದ ಹಿರಿದು ತಂದು, ಹಸುವಿನ ಬಾಯಿ ತಪ್ಪಿಸಿ ಇಲ್ಲಿ ಹಾಸಿದ್ದಾರೆ.

ಒಂದು ಕಡೆ ಕೈಹಾಕಿ ಎತ್ತಿದೆವು. ಮೇಲಿನದು ಗರಿಗರಿ ಒಣಗಿತ್ತು. ಕೆಳಗಿನ ಎರಡು ಬೆರಳು ದಪ್ಪ ಮಾತ್ರ ಒದ್ದೆ ಕಂಬಳಿಯ ಹಾಗೆ ಒಂದಕ್ಕೊಂದು ಅಂಟಿಕೊಂಡು ಎದ್ದು ಬಂತು. ಬೂಷ್ಟಿನ ವಾಸನೆ, ಬಿಳಿ ನೂಲಿನಂಥ ಎಳೆಗಳು. ಅದರಡಿಯಲ್ಲಿ ಮೊಳಕೆ ಬಂದಿರಲಿಲ್ಲ ಅನ್ನುವ ಹಾಗಿಲ್ಲ, ಬಂದಿತ್ತು. ಎರಡು ಇಂಚು ಉದ್ದ, ದಾರದಷ್ಟು ಸಣ್ಣ, ಅರಿಶಿನ ಬೆರೆಸಿದ ಹಾಲಿನ ಬಣ್ಣ. ಬೆಳಕು ಹುಡುಕಿಕೊಂಡು ಅಡ್ಡಡ್ಡ ಹರಿದು, ಬುಡದಲ್ಲಿ ಕಂದಿ, ಅರ್ಧಕ್ಕರ್ಧ ಮಲಗಿಬಿಟ್ಟಿದ್ದವು.

ಆಮೇಲೆ ಬದುವಿನ ತುದಿಯಲ್ಲಿ, ಹೊಂಗೆ ಮರದ ಪಕ್ಕ, ಮೊರದಗಲದ ಮೂರು ನಾಲ್ಕು ಜಾಗ ಕಂಡಿತು. ಹುಲ್ಲು ಚೆದುರಿದೆ, ನಡುನಡುವೆ ಕೆಂಪು ಮಣ್ಣು ಇಣುಕುತ್ತಿದೆ, ಅಲ್ಲೆಲ್ಲ ಅಂಜನ್ ಸೂಜಿಯಂತೆ ನೆಟ್ಟಗೆ, ಕಡು ಹಸಿರಾಗಿ ಎದ್ದು ನಿಂತಿದೆ.

"ಇಲ್ಲಿ ಏನು ಮಾಡಿದ್ರಿ?"

"ಏನೂ ಇಲ್ಲ. ಕೋಳಿ ಕೆದಕಿಬಿಟ್ಟಾವೆ. ದಿನಾ ಓಡಿಸಿ ಓಡಿಸಿ ಸಾಕಾಯ್ತು."

ರಾಗಿ ಹುಲ್ಲಿನಲ್ಲಿ ಉಳಿದ ನಾಲ್ಕು ಕಾಳಿಗಾಗಿ ಕೋಳಿ ಕೆದಕಿದ ಜಾಗದಲ್ಲಿ ಹೊದಿಕೆ ಎಷ್ಟು ತೆಳುವಾಗಬೇಕೋ ಅಷ್ಟೇ ಆಗಿತ್ತು. ಅಕ್ಕ ಹನ್ನೆರಡು ದಿನ ಕೋಲು ಹಿಡಿದು ಕಾದದ್ದು ಬೆಳೆಯದ ಜಾಗವನ್ನು.

ಹುಲ್ಲಿನ ಬೀಜಕ್ಕೆ ಹೊದಿಕೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಕೋಲಾರದ ಕೆಂಪು ಮಣ್ಣಿನ ಮೇಲೆ ದಪ್ಪ ಹನಿ ಬಿದ್ದರೆ ಮೇಲ್ಪದರ ಕದಡಿ, ಮಾರನೆಯ ಬಿಸಿಲಿಗೆ ಹಪ್ಪಳದ ಹಾಗೆ ಗಟ್ಟಿ ಪೊರೆ ಕಟ್ಟುತ್ತದೆ. ಸಣ್ಣ ಮೊಳಕೆಗೆ ಅದನ್ನು ಒಡೆಯುವ ಶಕ್ತಿಯಿಲ್ಲ. ಹೊದಿಕೆ ಹನಿಯ ಪೆಟ್ಟು ತಿನ್ನುತ್ತದೆ, ತೇವ ಹಿಡಿಯುತ್ತದೆ, ಬೀಜ ಇಳಿಜಾರಿನಲ್ಲಿ ಕೊಚ್ಚಿಹೋಗದಂತೆ ತಡೆಯುತ್ತದೆ, ಇರುವೆ ಹಕ್ಕಿಗಳ ಕಣ್ಣಿಂದ ಅಷ್ಟಿಷ್ಟು ಮರೆಮಾಡುತ್ತದೆ. ಆದರೆ ಅವರೆಕಾಳಿನ ಹಾಗೆ ಹುಲ್ಲಿನ ಬೀಜಕ್ಕೆ ದೊಡ್ಡ ಬುತ್ತಿ ಇಲ್ಲ. ಅಂಜನ್ ಕತ್ತಲಲ್ಲೂ ಮೊಳೆಯುತ್ತದೆ. ಮೊಳೆತ ಮೇಲೆ ಬುತ್ತಿ ಮುಗಿಯುವುದರೊಳಗೆ ಅದರ ಎಲೆಗೆ ಬೆಳಕು ಸಿಗಬೇಕು. ಗರಿಕೆಯಂಥ ಇನ್ನೂ ಸಣ್ಣ ಬೀಜಗಳು ಮೊಳೆಯಲೂ ಬೆಳಕಿದ್ದರೆ ಒಳ್ಳೆಯದು.

ಹಾಗಾದರೆ ಎಷ್ಟು? 10 ಅಡಿಗೆ 10 ಅಡಿ ಜಾಗಕ್ಕೆ ಎರಡರಿಂದ ಮೂರು ಕೆ.ಜಿ. ಒಣ ಹುಲ್ಲು. ಗುಂಟೆಗೆ 20ರಿಂದ 30 ಕೆ.ಜಿ. ತಕ್ಕಡಿ ಇಲ್ಲದಿದ್ದರೆ ಕಣ್ಣೇ ಅಳತೆ: ನಿಂತು ನೋಡಿದರೆ ಅರ್ಧ ಹುಲ್ಲು, ಅರ್ಧ ಮಣ್ಣು ಕಾಣಬೇಕು. ಹಳೆಯ ದಿನಪತ್ರಿಕೆಯ ಹಾಳೆಯೊಂದನ್ನು ನೆಲದ ಮೇಲಿಟ್ಟು ಅದರ ಮೇಲೆ ಹುಲ್ಲು ಉದುರಿಸಿ ನೋಡಿ. ದಪ್ಪ ತಲೆಬರಹ ಓದಲು ಬಂದರೆ ಸರಿ, ಬರದಿದ್ದರೆ ಜಾಸ್ತಿ.

"ಮಣ್ಣು ಕಾಣಬಾರದು" ಎಂದವರು ಬೀಜದ ಅಂಗಡಿಯವರಂತೆ. ಅವರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಟೊಮೆಟೊ ಸೀಮೆಯಲ್ಲಿ ಮಲ್ಚಿಂಗ್, ಅಂದರೆ ಮಣ್ಣಿಗೆ ಹೊದಿಕೆ, ಎಂದರೆ ಎಲ್ಲರ ತಲೆಗೂ ಬರುವುದು ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಶೀಟು. ಅದಕ್ಕೆ ಮಣ್ಣು ಕಾಣಬಾರದು ಅನ್ನುವುದು ಸರಿಯಾದ ಮಾತೇ: ಕಳೆ ಹುಟ್ಟದಿರಲಿ ಎಂದೇ ಅದನ್ನು ಹಾಸುವುದು, ಸಸಿಗೆ ಬೇರೆ ತೂತು ಇರುತ್ತದೆ. ಹುಲ್ಲಿಗೆ ತೂತು ಎಲ್ಲಿ? ಕಳೆಯನ್ನು ಕೊಲ್ಲುವ ಮಾತನ್ನು ಹುಲ್ಲು ಬೆಳೆಸುವವರಿಗೆ ಹೇಳಿ ಕಳಿಸಿದ್ದಾರೆ. ಅಕ್ಕನಿಗೆ ನರ್ಸರಿ ಮಡಿ ಗೊತ್ತು. ಅಲ್ಲಿ ಬಿತ್ತಿ ದಪ್ಪಗೆ ಹುಲ್ಲು ಮುಚ್ಚುತ್ತಾರೆ, ಮೊಳಕೆ ಕಂಡ ಸಂಜೆಯೇ ತೆಗೆಯುತ್ತಾರೆ. ಇಲ್ಲೂ ಹಾಗೇ ತೆಗೆಯಬೇಕಾ ಎಂದು ಕೇಳಿದ್ದರಂತೆ. "ಬೇಡ, ಹಾಗೇ ಬಿಡಿ, ಕೊಳೆತು ಗೊಬ್ಬರ ಆಗ್ತದೆ" ಎಂದು ಉತ್ತರ. ತೆಳುವಾಗಿ ಹಾಕಿದ್ದರೆ ಅದೂ ಸರಿಯಾದ ಮಾತೇ. ಎರಡು ಸರಿ ಮಾತು ಸೇರಿ ಬದು ಸತ್ತಿತು.

ಇಳಿಜಾರಿನ ಕೆಲಸದ ಕ್ರಮವೇ ಬೇರೆ. ಹೊಂಡದಿಂದ ಎದ್ದ ಮಣ್ಣು ಗರಸು, ಅದರಲ್ಲಿ ಸತ್ವವಿಲ್ಲ. ಕೆರೆ ಗೋಡು, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಸಮಸಮ ಬೆರೆಸಿ ಅರ್ಧ ಇಂಚು ಹರಡಬೇಕು. ಗುದ್ದಲಿಯ ಮೂಲೆಯಿಂದ ಇಳಿಜಾರಿಗೆ ಅಡ್ಡಲಾಗಿ ಗೇಣಿಗೊಂದರಂತೆ ಗೀರು ಎಳೆಯಬೇಕು. ಉದ್ದುದ್ದ ಎಳೆದರೆ ಮೊದಲ ಮಳೆಗೇ ಕಾಲುವೆ. ಅರ್ಧ ಗುಂಟೆಗೆ 100 ಗ್ರಾಂ ಅಂಜನ್ ಧಾರಾಳ. ಅದರ ಬೀಜಕ್ಕೆ ಕೂದಲಿರುವುದರಿಂದ ಕೈಗೆ ಅಂಟುತ್ತದೆ, ಗಾಳಿಗೆ ಹಾರುತ್ತದೆ. ನಾಲ್ಕು ಬೊಗಸೆ ಹಸಿ ಮರಳಿನ ಜೊತೆ ಉಜ್ಜಿ ಬೆರೆಸಿ ಉದುರಿಸಬೇಕು. ಹೋದ ತಿಂಗಳು ಕೊಯ್ದ ಹೊಸ ಬೀಜ ಬೇಡ, ಅದು ಇನ್ನೂ ನಿದ್ದೆಯಲ್ಲಿರುತ್ತದೆ. ಆರೇಳು ತಿಂಗಳು ಕಳೆದ ಬೀಜವೇ ವಾಸಿ. ಜೊತೆಗೆ ಸ್ಟೈಲೋ ಎಂಬ ದ್ವಿದಳ ಮೇವಿನ ಬೀಜ ಬೆರೆಸುವುದಾದರೆ ಅದರ ಸಿಪ್ಪೆ ಗಟ್ಟಿ: 80 ಡಿಗ್ರಿ ಬಿಸಿನೀರಲ್ಲಿ ನಾಲ್ಕು ನಿಮಿಷ, ಆಮೇಲೆ ರಾತ್ರಿಯಿಡೀ ತಣ್ಣೀರಲ್ಲಿ. ಚೆಲ್ಲಿದ ಮೇಲೆ ಜಾಲಿ ಕೊಂಬೆ ಎಳೆದರೆ ಸಾಕು. ಅಕ್ಕಿಕಾಳಿನ ಉದ್ದಕ್ಕಿಂತ ಆಳಕ್ಕೆ ಬೀಜ ಹೋಗಬಾರದು. ನಂತರ ಕಾಲಲ್ಲಿ ಮೆಲ್ಲಗೆ ತುಳಿಯಬೇಕು. ಬೀಜ ಮಣ್ಣಿಗೆ ಒತ್ತದಿದ್ದರೆ ಮೇಲೆ ಏನು ಹೊದಿಸಿದರೂ ವ್ಯರ್ಥ.

ಹೊದಿಸುವ ಒಣ ಹುಲ್ಲನ್ನು ಗೇಣುದ್ದಕ್ಕೆ ಕತ್ತರಿಸಿ, ಕೊಡವಿ, ಎದೆಮಟ್ಟದಿಂದ ಉದುರಿಸಬೇಕು. ಕಟ್ಟು ಕಟ್ಟಾಗಿ ಇಟ್ಟು ಹರಡಿದರೆ ಗಂಟು ಉಳಿಯುತ್ತದೆ. ಮೇವು ಕತ್ತರಿಸುವ ಯಂತ್ರದ ಇಂಚು ತುಂಡು ಇಳಿಜಾರಿಗೆ ಬೇಡ, ಮಳೆಗೆ ಜಾರಿ ಬುಡದಲ್ಲಿ ರಾಶಿ ಬೀಳುತ್ತದೆ. ಆಷಾಢದ ಗಾಳಿಗೆ ಹಾರಿಹೋದೀತೆಂಬ ಭಯಕ್ಕೇ ಬಹಳ ಜನ ದಪ್ಪ ಹಾಕುವುದು. ಅದಕ್ಕೆ ಉಪಾಯ ಈ ಸೀಮೆಯ ಪ್ರತಿ ಮನೆಯ ಹಿತ್ತಲಲ್ಲೂ ಬಿದ್ದಿದೆ, ಟೊಮೆಟೊ ಕಟ್ಟಿದ ಹಳೇ ಕಡ್ಡಿ ಮತ್ತು ದಾರ. ಎರಡಡಿಗೊಂದು ಕಡ್ಡಿ ಅಡ್ಡಲಾಗಿ ಮಲಗಿಸಿ, ಎರಡು ತುದಿಗೂ ಗೂಟ ಹೊಡೆದು, ನಡುವೆ ದಾರ ಎಳೆದರೆ ತೆಳು ಹೊದಿಕೆಯೂ ಕದಲುವುದಿಲ್ಲ.

ರಾಗಿ ಹುಲ್ಲು ಮೇವು, ಅದನ್ನು ಮುಟ್ಟದೆ ಸಾಗಿದರೆ ಇನ್ನೂ ಒಳ್ಳೆಯದು. ಭತ್ತದ ಹುಲ್ಲು, ಒಣಗಿದ ಕಬ್ಬಿನ ರವದಿ, ರೇಷ್ಮೆ ಹುಳುಮನೆಯಿಂದ ಬರುವ ಹಿಪ್ಪುನೇರಳೆ ಕಡ್ಡಿ ಎಲ್ಲವೂ ಆಗುತ್ತವೆ. ಶೇಂಗಾ ಸಿಪ್ಪೆ ಸಮತಟ್ಟಿಗೆ ಸರಿ, ಇಳಿಜಾರಲ್ಲಿ ಉರುಳುತ್ತದೆ. ಕೈಗೆ ಸುಲಭವಾಗಿ ಸಿಗುವ ನೀಲಗಿರಿ ಎಲೆಯನ್ನು ಮಾತ್ರ ತರಬೇಡಿ. ಅದರಲ್ಲಿನ ರಸ ಮೊಳಕೆಗೆ ಆಗದು. ಹೂ ಬಿಟ್ಟ ಪಾರ್ಥೇನಿಯಂ ಹಾಸಿದರೆ ಹುಲ್ಲಿಗಿಂತ ಮೊದಲು ಅದೇ ಹುಟ್ಟುತ್ತದೆ. ಹಸಿ ಮರದಪುಡಿ ಮಣ್ಣಿನ ಸಾರಜನಕವನ್ನು ಹಿಡಿದಿಟ್ಟು ಮೊಳಕೆಯನ್ನು ಹಳದಿ ಮಾಡುತ್ತದೆ.

ಮಳೆ ತಪ್ಪಿದರೆ ಮೊದಲ ಎರಡು ವಾರ ಬೆಳಗ್ಗೆ ಸಂಜೆ ಜರಡಿ ಮೂತಿಯ ಕ್ಯಾನಿನಲ್ಲಿ ಹೊದಿಕೆಯ ಮೇಲೇ ನೀರು. ಪೈಪು ಹಿಡಿದರೆ ಬೀಜ ಬುಡಕ್ಕೆ ಹೋಗಿ ಸೇರುತ್ತದೆ. ಬೆನ್ನಿಗೆ ಹಾಕುವ ಸ್ಪ್ರೇಯರ್ ಆಗಬಹುದು, ಆದರೆ ಕಳೆನಾಶಕ ಹೊಡೆದ ಡ್ರಮ್ಮು ಎಷ್ಟು ತೊಳೆದರೂ ಬೇಡ. ಬೇರು ಹಿಡಿದ ಮೇಲೆ ನೀರು ಕಡಿಮೆ ಸಲ, ಹೆಚ್ಚು ಹೊತ್ತು. ಮೊದಲ ಕೊಯ್ಲು 70–75 ದಿನಕ್ಕೆ. ಅಲ್ಲಿಯವರೆಗೆ ಹಸು, ಮೇಕೆ ಯಾವುದನ್ನೂ ಬಿಡಬಾರದು.

ಸೋಮವಾರ ಸಂಜೆ ನಾಲ್ಕರ ಮೇಲೆ ಅರ್ಧ ಹುಲ್ಲು ತೆಗೆದದ್ದಾಯಿತು. ಒಮ್ಮೆಗೇ ಎಲ್ಲ ತೆಗೆದರೆ ಆ ಬಿಳಿ ಮೊಳಕೆ ಮಾರನೆಯ ಮಧ್ಯಾಹ್ನಕ್ಕೆ ಸುಟ್ಟುಹೋಗುತ್ತದೆ. ಬುಧವಾರ ಸಂಜೆ ಉಳಿದದ್ದನ್ನು ತೆಳು ಮಾಡಿದರು. ಎದ್ದು ನಿಂತ ಮೊಳಕೆಗಳ ತುದಿಗೆ ಆಗಲೇ ಹಸಿರು ಇಳಿಯುತ್ತಿತ್ತು. ಮಲಗಿದವು ಏಳುವುದಿಲ್ಲ, ಅಲ್ಲಿಗೆ ಇನ್ನೊಂದು 40 ಗ್ರಾಂ ಬೀಜ ಬೇಕು.

ನನಗೆ ಕೊರೆಯುತ್ತಿರುವುದು ಅಕ್ಕ ಅದನ್ನು ಹೇಳಿದ ರೀತಿ. ದೂರು ಇರಲಿಲ್ಲ, ಹೇಳಿದ್ದನ್ನು ತಪ್ಪದೆ ಮಾಡಿದವರ ನೆಮ್ಮದಿ ಇತ್ತು. ಕೋಳಿ ಕೆದಕಿದಲ್ಲಿ ಮಾತ್ರ ಹಸಿರಾದದ್ದನ್ನು ಅವರು ನಮಗಿಂತ ಮೊದಲೇ, ಐದಾರು ದಿನದ ಹಿಂದೆಯೇ ಕಂಡಿದ್ದರು. ಕಂಡೂ ಅಲ್ಲಿಗೆ ಮತ್ತೆ ಹುಲ್ಲು ತಂದು ಮುಚ್ಚಿದ್ದರಂತೆ, ಕೋಳಿ ಮತ್ತೆ ಕೆದಕಿತ್ತಂತೆ. ಮೂವತ್ತು ವರ್ಷ ಹೊಲ ಮಾಡಿದ ಹೆಂಗಸು ತನ್ನ ಕಣ್ಣನ್ನು ನಂಬದೆ ಅಂಗಡಿಯ ಅರ್ಧ ಮಾತನ್ನು ನಂಬಿದ್ದು ಹೇಗೆ? ರೈತರಿಗೆ ಹೇಳುವವರೆಲ್ಲ "ಹಾಕಿ, ಮುಚ್ಚಿ, ಹೊಡೀರಿ" ಎನ್ನುತ್ತಾರೆ. ಎಷ್ಟು, ಯಾಕೆ, ಏನು ಕಂಡರೆ ನಿಲ್ಲಿಸಬೇಕು ಅನ್ನುವುದನ್ನು ಹೇಳುವುದಿಲ್ಲ. ಕೇಳಿದರೆ ದಡ್ಡರೆನ್ನುತ್ತಾರೇನೋ ಎಂದು ರೈತರೂ ಹೆಚ್ಚು ಕೇಳುವುದಿಲ್ಲ.

"ಈ ಹುಲ್ಲು ಹಸೂಗೆ ಹಾಕ್ಬೋದಾ ಅಣ್ಣಾ?" ಎಂದರು ಕೊನೆಗೆ.

ಬೂಷ್ಟು ಹಿಡಿದದ್ದು ಬೇಡ, ಹೊಟ್ಟೆಗೂ ಹಾಲಿಗೂ ಕೇಡು, ತಿಪ್ಪೆಗೆ ಹಾಕಿ, ಮೇಲಿನ ಒಣ ಪದರ ಮಾತ್ರ ಬಿಸಿಲಿಗೆ ಹರವಿ ನೋಡಿ ಎಂದದ್ದಾಯಿತು. ಅಕ್ಕ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಒಂದೊಂದು ಹಿಡಿ ಎತ್ತಿ, ಮೂಗಿಗೆ ಹಿಡಿದು, ಎಡಕ್ಕೊಂದು ಬಲಕ್ಕೊಂದು ಗುಡ್ಡೆ ಹಾಕತೊಡಗಿದರು. ಕತ್ತಲಾಗುವ ಹೊತ್ತಿಗೆ ಬಲಗಡೆ ಒಂದೂವರೆ ಹೊರೆಯಷ್ಟು ಉಳಿದಿತ್ತು.