ತಾಮ್ರದ ಪೆಪ್ಟೈಡ್ ಸೀರಮ್: ಮೂರು ಬ್ಯಾಚ್ ಕೆಡಿಸಿದ ಕಳ್ಳ ಸಿಕ್ಕ

ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ಸಿಕ್ಕಿತು. ಎರಡು ತಿಂಗಳಿಂದ, ಮುಖಕ್ಕೆ ಅಂತ ಮನೆಯಲ್ಲೇ ಮಾಡುವ ನನ್ನ ತಾಮ್ರದ ಪೆಪ್ಟೈಡ್ ಸೀರಮ್ಮಿನ ನೀಲಿಯನ್ನು ಯಾವುದು ತಿನ್ನುತ್ತಿತ್ತೋ ಅದು ಕಣ್ಣೆದುರೇ ಸಿಕ್ಕಿಬಿತ್ತು. ಖುಷಿಗೆ ನಿದ್ದೆಯೇ ಬರಲಿಲ್ಲ.

ಬೀಕರ್ ತೊಳೆಯೋದು, ಸ್ಪಿರಿಟ್ ಒರೆಸೋದು, ಪ್ಯಾಚ್ ಟೆಸ್ಟ್, ಇವೆಲ್ಲ ನಿಮಗೆ ಗೊತ್ತಿರುವುದೇ. ಅಳತೆ ಮಾತ್ರ ಹೇಳುತ್ತೇನೆ, ಮುಂದೆ ಬೇಕಾಗುತ್ತದೆ. 50 ಗ್ರಾಂ ಬ್ಯಾಚ್. ಅದರಲ್ಲಿ ರೆಡಿ ಜೆಲ್ ಬೇಸ್ 40 ಗ್ರಾಂ. ತಾಮ್ರದ ಪೆಪ್ಟೈಡಿನ ಪುಡಿ, ಅದರ ಹೆಸರು ಜಿಎಚ್‌ಕೆ-ಸಿಯು, 50 ಮಿಲಿಗ್ರಾಂ, ಅಂದರೆ ಶೇ. 0.1. ಉಳಿದದ್ದು ಗ್ಲಿಸರಿನ್, ಡಿಸ್ಟಿಲ್ಡ್ ನೀರು, ಪ್ರಿಸರ್ವೇಟಿವ್. ಜಾಸ್ತಿ ಹಾಕೋಣ ಅಂದರೆ ಪುಡಿಯ ರೇಟು ಬೆಳ್ಳಿ ಅಂಗಡಿಯ ರೇಟು. ಪಿಎಚ್ 6ರ ಹತ್ತಿರ.

ತೊಂದರೆ ಇಷ್ಟೇ. ಪುಡಿಯನ್ನು ಸ್ವಲ್ಪ ನೀರಿಗೆ ಹಾಕಿದರೆ ಚೆಂದದ ನೀಲಿ. ಆ ನೀಲಿ ನೀರನ್ನು ಜೆಲ್ಲಿಗೆ ಹಾಕಿ ತಿರುಗಿಸಿದರೆ ಬಣ್ಣ ಸೊರಗಿದ ಹಾಗೆ ಕಾಣುತ್ತಿತ್ತು. ಮೊದಲ ಸಲ ಜೆಲ್ ಜಾಸ್ತಿ ಇದೆ, ತೆಳುವಾಗಿದೆ ಅಂದುಕೊಂಡೆ. ಎರಡನೇ ಸಲ ಬಳ್ಳಾರಿಯ ಬಿಸಿಲಿನ ಮೇಲೆ ಅನುಮಾನ. ಮೇ ತಿಂಗಳಲ್ಲಿ ನಮ್ಮ ಅಡುಗೆಮನೆಯೇ ಒಲೆ ಇದ್ದ ಹಾಗೆ, ಅದರ ಮೇಲೆ ಕರೆಂಟ್ ಹೋದರೆ ಫ್ರಿಜ್ಜೂ ಬೆಚ್ಚಗೆ. ಮೂರನೇ ಸಲ ಐಸ್ ಮೇಲೆ ಇಟ್ಟು ಮಾಡಿದೆ. ಪ್ರಿಸರ್ವೇಟಿವ್ ಬದಲಾಯಿಸಿದೆ, ನೀರು ಬದಲಾಯಿಸಿದೆ. (ಇನ್ವರ್ಟರ್ ಅಂಗಡಿಯ ಬ್ಯಾಟರಿ ನೀರು ತರಬೇಡಿ. ಡಿಸ್ಟಿಲ್ಡ್ ಅಂತ ಬರೆದಿದ್ದರೂ ಅದು ಮುಖಕ್ಕೆ ಹಚ್ಚುವ ನೀರಲ್ಲ.) ಯಾವುದಕ್ಕೂ ಬಗ್ಗಲಿಲ್ಲ. ಅಮ್ಮ ಮೂರು ಬಾಟಲಿ ಸಾಲಾಗಿ ನೋಡಿ, "ಬಟ್ಟೆಗೆ ನೀಲಿ ಹಾಕಾಕೆ ಇಟ್ಟೀಯೇನೇ?" ಅಂತ ಕೇಳಿದರು. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ನಿನ್ನೆ ಭಾನುವಾರ. ಮಾಮ ಊಟಕ್ಕೆ ಬಂದಿದ್ದರು. ಅವರು ಇಲ್ಲಿನ ಜೀನ್ಸ್ ವಾಷಿಂಗ್ ಯೂನಿಟ್ಟುಗಳಲ್ಲಿ ಇಪ್ಪತ್ತು ವರ್ಷ ದುಡಿದವರು. ನೀಲಿ ಬಣ್ಣದ ವಿಷಯದಲ್ಲಿ ಅವರ ಕಣ್ಣಿಗಿಂತ ದೊಡ್ಡ ಮಿಷನ್ನು ಈ ಊರಲ್ಲಿಲ್ಲ. ಬಾಟಲಿಯನ್ನು ಕಿಟಕಿಗೆ ಹಿಡಿದು ನೋಡಿ ಒಂದೇ ಮಾತು ಹೇಳಿದರು: "ಬಣ್ಣ ಹಾರಿಲ್ಲಮ್ಮಾ. ಶೇಡ್ ತಿರುಗೈತೆ. ಹಾರೋದು ಬೇರೆ, ತಿರುಗೋದು ಬೇರೆ."

ಅದು ನನಗೆ ಹೊಳೆದೇ ಇರಲಿಲ್ಲ. ಮಾಮನ ಲೆಕ್ಕ ಹೀಗೆ: ಎರಡು ಬಣ್ಣ ಹೋಲಿಸಬೇಕು ಅಂದರೆ ಎರಡರಲ್ಲೂ ಅಳತೆ ಸಮ ಇರಬೇಕು. ಸರಿ, ಅಷ್ಟೇ ಪುಡಿಯನ್ನು ಅಷ್ಟೇ ಅಳತೆಯ ಬರೀ ನೀರಿಗೆ ಹಾಕಿ ಒಂದು ಸಣ್ಣ ಸೀಸೆ ಮಾಡಿದೆ. ಪಕ್ಕದಲ್ಲಿ ಮೂರನೇ ಬ್ಯಾಚಿನ ಸೀಸೆ. ಹಿಂದೆ ಬಿಳಿ ಹಾಳೆ. ನೀರಿನದು ಅಗಸೆ ಹೂವಿನ ನೀಲಿ, ಸ್ವಲ್ಪ ನೇರಳೆ ಕಡೆ ವಾಲಿದ್ದು. ಜೆಲ್ಲಿನದು ಮೈಲುತುತ್ತ ಕರಗಿಸಿದ ತೆಳು ನೀರಿನ ಬಣ್ಣ. ಅಳತೆ ಒಂದೇ, ನೀಲಿಯೇ ಬೇರೆ.

ಆಮೇಲೆ ಮಾಮ ಕೇಳಿದರು: "ಇದರಾಗೆ ಗಡಸು ನೀರಿಗೆ ಹಾಕೋ ಪುಡಿ ಏನಾರ ಐತಾ?" ಬಳ್ಳಾರಿಯ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಬಕೆಟ್ಟಿನ ಬಿಳಿ ಕಲೆ ನೋಡಿದವರಿಗೆಲ್ಲ ಗೊತ್ತು. ಡೈಯಿಂಗ್, ವಾಷಿಂಗ್ ಕೆಲಸದಲ್ಲಿ ಆ ಗಡಸು ಹಿಡಿಯೋಕೆ ಸೀಕ್ವೆಸ್ಟರಿಂಗ್ ಏಜೆಂಟ್ ಹಾಕುತ್ತಾರೆ. ಕ್ಯಾಲ್ಸಿಯಂ, ಕಬ್ಬಿಣ, ತಾಮ್ರ, ಯಾವ ಲೋಹ ಸಿಕ್ಕರೂ ಅದು ತಬ್ಬಿ ಹಿಡಿಯುತ್ತದೆ. ಅದರ ಪ್ರಸಿದ್ಧ ಹೆಸರು ಇಡಿಟಿಎ. ನಾನು ಇಡಿಟಿಎ ಹಾಕಿರಲಿಲ್ಲ. ಆದರೆ ಜೆಲ್ ಬೇಸ್?

ಈಗ ಸಪ್ಲೈಯರ್ ಕಥೆ. ದೊಡ್ಡ ಡ್ರಮ್ಮಿನಿಂದ ಒಂದು ಕೆಜಿ ತೆಗೆದು ಬಿಳಿ ಡಬ್ಬಿಗೆ ತುಂಬಿ, ಮೇಲೆ 'ಕ್ಲಿಯರ್ ಜೆಲ್ ಬೇಸ್' ಅಂತ ಮೂರು ಪದ ಬರೆದು ಕಳಿಸಿದ್ದರು. ಒಳಗೆ ಏನೇನಿದೆ ಅಂತ ಏಪ್ರಿಲ್‌ನಲ್ಲೇ ಕೇಳಿದ್ದೆ. "ಎಲ್ಲಾ ನ್ಯಾಚುರಲ್ ಮೇಡಂ" ಅಂದರು. ಎರಡನೇ ಸಲ ಕೇಳಿದರೆ ಹೊಸ ರೇಟ್ ಲಿಸ್ಟ್ ಕಳಿಸಿದರು. ನಿನ್ನೆ ಮಧ್ಯಾಹ್ನ ನಾಲ್ಕು ಸಲ ಫೋನ್ ಮಾಡಿದ ಮೇಲೆ ಡ್ರಮ್ಮಿನ ಲೇಬಲ್ಲಿನ ಫೋಟೋ ಬಂತು. ಕೊನೆಯ ಸಾಲಲ್ಲಿ ಡೈಸೋಡಿಯಂ ಇಡಿಟಿಎ, ಶೇ. 0.1. ಕೋಪಕ್ಕೆ ಕೈ ನಡುಗಿತು. ಮುಖಕ್ಕೆ ಹಚ್ಚುವ ವಸ್ತು ಮಾರುವವರು ಅದರಲ್ಲಿ ಏನಿದೆ ಅಂತ ಹೇಳಲು ಎರಡು ತಿಂಗಳು ತೆಗೆದುಕೊಳ್ಳಬಾರದು.

ಇಡಿಟಿಎ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಶಾಂಪೂ, ಕ್ರೀಮ್ ಕೆಡದಂತೆ ಪ್ರಿಸರ್ವೇಟಿವ್‌ಗೆ ಸಹಾಯ ಮಾಡುತ್ತದೆ. ಆದರೆ ತಾಮ್ರದ ಪೆಪ್ಟೈಡ್ ಜೊತೆ ಅದಕ್ಕೆ ಆಗಿಬರಲ್ಲ. ಜಿಎಚ್‌ಕೆ ಅಂದರೆ ಗ್ಲೈಸಿನ್, ಹಿಸ್ಟಿಡಿನ್, ಲೈಸಿನ್ ಎಂಬ ಮೂರೇ ಅಮೈನೋ ಆಮ್ಲದ ಸಣ್ಣ ಸರ. 1973ರಲ್ಲಿ ವಿಜ್ಞಾನಿ ಲೋರೆನ್ ಪಿಕಾರ್ಟ್ ಇದನ್ನು ಮನುಷ್ಯರ ರಕ್ತದ ಪ್ಲಾಸ್ಮಾದಲ್ಲಿ ಗುರುತಿಸಿದರು. ಈ ಸರ ತಾಮ್ರವನ್ನು ಗಟ್ಟಿಯಾಗಿಯೇ ಹಿಡಿಯುತ್ತದೆ, ಇಡಿಟಿಎ ಅದಕ್ಕಿಂತ ಗಟ್ಟಿ. ಎದುರಾದರೆ ತಾಮ್ರವನ್ನು ಕಿತ್ತುಕೊಂಡು ಹೋಗುತ್ತದೆ.

ಎಷ್ಟು ಕಿತ್ತುಕೊಂಡಿತು? ಪೆನ್ನು ಹಿಡಿದು ಕೂತೆ. ಒಂದು ಇಡಿಟಿಎ ಅಣು ಒಂದು ತಾಮ್ರ ಹಿಡಿಯುತ್ತದೆ. ಜಿಎಚ್‌ಕೆ-ಸಿಯು ಅಣುತೂಕ ಸುಮಾರು 402. ಮಿಲಿಗ್ರಾಂ ಅನ್ನು ಅಣುತೂಕದಿಂದ ಭಾಗಿಸಿದರೆ ಮಿಲಿಮೋಲ್, ಅಂದರೆ ಅಣುಗಳ ಎಣಿಕೆಯ ಅಳತೆ, ಸಿಗುತ್ತದೆ. ನನ್ನ 50 ಮಿಲಿಗ್ರಾಂನಲ್ಲಿ 0.124 ಮಿಲಿಮೋಲ್ ತಾಮ್ರ. ಜೆಲ್ 40 ಗ್ರಾಂ, ಅದರಲ್ಲಿ ಇಡಿಟಿಎ 40 ಮಿಲಿಗ್ರಾಂ. ಅದರ ಅಣುತೂಕ 372, ಹಾಗಾಗಿ 0.107 ಮಿಲಿಮೋಲ್. ಅಂದರೆ ನೂರಕ್ಕೆ 86 ಪಾಲು ತಾಮ್ರ ಪೆಪ್ಟೈಡಿನ ಕೈತಪ್ಪಿ ಹೋಗಬಹುದು! ಪುಡಿ ಶೇ. 1 ಹಾಕಿದ್ದರೆ ಹತ್ತನೇ ಒಂದು ಪಾಲಿಗಿಂತ ಕಡಿಮೆ ಹೋಗುತ್ತಿತ್ತು, ನನಗೆ ಗೊತ್ತೂ ಆಗುತ್ತಿರಲಿಲ್ಲ.

ಲೆಕ್ಕ ಲೆಕ್ಕವೇ, ಕಣ್ಣಾರೆ ನೋಡಬೇಕಿತ್ತು. ರಾತ್ರಿ ಅಗಸೆ ನೀಲಿಯ ಸೀಸೆಗೆ, ಶಾಂಪೂಗೆ ತಂದಿಟ್ಟಿದ್ದ ಇಡಿಟಿಎ ಒಂದು ಚಿಟಿಕೆ ಹಾಕಿ ಅಲ್ಲಾಡಿಸಿದೆ. ನೇರಳೆ ಛಾಯೆ ಕರಗಿ, ಮೈಲುತುತ್ತದ ತೆಳು ನೀರು ಉಳಿಯಿತು. ಮೂರು ಬ್ಯಾಚಿನದ್ದೇ ಬಣ್ಣ! ಡೈಸೋಡಿಯಂ ಇಡಿಟಿಎ ಸ್ವಲ್ಪ ಹುಳಿ, ಪಿಎಚ್ ಇಳಿದದ್ದಕ್ಕೂ ಹೀಗಾಗಬಹುದಲ್ವಾ ಅಂತ ಅಡುಗೆ ಸೋಡಾ ನೀರು ಹನಿ ಹನಿ ಹಾಕಿ ಮತ್ತೆ 6ಕ್ಕೆ ತಂದೆ. ನೀಲಿ ವಾಪಸ್ ಬರಲಿಲ್ಲ.

ಇವತ್ತು ಬೆಳಿಗ್ಗೆ ನಾಲ್ಕನೇ ಬ್ಯಾಚ್. ಜೆಲ್ ನಾನೇ ಮಾಡಿದೆ: ಹೈಡ್ರಾಕ್ಸಿಈಥೈಲ್ ಸೆಲ್ಯುಲೋಸ್ ಎಂಬ ಜೆಲ್ ಕಟ್ಟುವ ಪುಡಿ ಶೇ. 1, ರಾತ್ರಿಯೇ ನೀರಲ್ಲಿ ನೆನೆಸಿದ್ದು. ಜೆಲ್ ಕಟ್ಟುವ ಇನ್ನೊಂದು ಪುಡಿ ಕಾರ್ಬೋಮರ್, ಅದರ ಕಡೆ ಹೋಗಲಿಲ್ಲ, ಅದಕ್ಕೂ ಲೋಹಕ್ಕೂ ಜಗಳ, ಜೆಲ್ ನೀರಾಗುತ್ತದೆ. ನೀಲಿ ಸುರಿದೆ, ತಿರುಗಿಸಿದೆ. ನಿಂತಿತು. ಅದೇ ಅಗಸೆ ಹೂವು.

ಸೀರಮ್ಮಿಗೆ ಸುಕ್ಕು ಹೋಗುತ್ತಾ ಅಂತ ಪಕ್ಕದ ಮನೆಯ ಅಕ್ಕ ಕೇಳಿದರು. ಬಳ್ಳಾರಿಯಲ್ಲಿ ಮುಖಕ್ಕೆ ಮೊದಲ ಕೆಲಸ ಸನ್‌ಸ್ಕ್ರೀನ್, ಪೆಪ್ಟೈಡ್ ಅದರ ಹಿಂದೆ ಅಂತ ಹೇಳಿದೆ. ನನ್ನ ನಂಬಿಕೆಯೂ ಅದೇ.

ಉಳಿದ 880 ಗ್ರಾಂ ಜೆಲ್ ಚೆಲ್ಲಲ್ಲ. ಆರ್ಜಿರೆಲಿನ್ ಎಂಬ ಇನ್ನೊಂದು ಪೆಪ್ಟೈಡಿನಲ್ಲಿ, ಅದೇ ಅಸಿಟೈಲ್ ಹೆಕ್ಸಾಪೆಪ್ಟೈಡ್-8ರಲ್ಲಿ, ತಾಮ್ರವಿಲ್ಲ, ಇಡಿಟಿಎಗೆ ಕಿತ್ತುಕೊಳ್ಳೋಕೆ ಏನೂ ಇಲ್ಲ. ಅದಕ್ಕೆ ಈ ಜೆಲ್ಲಲ್ಲಿ ಹಣೆಯ ಗೆರೆಗೆ ಒಂದು ಜೆಲ್. ಅದಾದ ಮೇಲೆ ಕುಷ್ಟಗಿ ಕಡೆಯ ದಾಳಿಂಬೆಯ ಬೀಜದ ಎಣ್ಣೆಯಲ್ಲಿ ಪಾಲ್ಮಿಟಾಯ್ಲ್ ಪೆಪ್ಟೈಡ್ ಕ್ರೀಮ್. ಕೊಬ್ಬಿನ ಬಾಲ ಇರುವ ಪೆಪ್ಟೈಡ್ ಅದು, ಎಣ್ಣೆ ಇರುವ ಕ್ರೀಮಿಗೆ ಹೊಂದುತ್ತದೆ ಅಂತ ಆಸೆ. ಕೊಪ್ಪಳದಲ್ಲಿರುವ ತಂಗಿಗೆ ಬೀಜ ಒಣಗಿಸಿಡು ಅಂತ ಹೇಳಿಯಾಗಿದೆ.

ಸದ್ಯಕ್ಕೆ ನಾಲ್ಕನೇ ಬ್ಯಾಚಿನ ಒಂದು ಸೀಸೆ ಫ್ರಿಜ್ಜಲ್ಲಿ, ಒಂದು ಅಡುಗೆಮನೆ ಕಪಾಟಲ್ಲಿ. ಮಾಮ ಮುಂದಿನ ಭಾನುವಾರ ಬಂದು ಎರಡನ್ನೂ ಕಿಟಕಿಗೆ ಹಿಡಿದು ನೋಡುತ್ತೇನೆ ಅಂದಿದ್ದಾರೆ. ಬಿಳಿ ಹಾಳೆ ತೆಗೆದಿಟ್ಟಿದ್ದೇನೆ.