ಹದಿನೇಳನೇ ಮಷಿನ್ ಬಿಸಿಯಾದ ದಿನ

ಜತ್ ತಾಲೂಕಿನ ಗಾಳಿ ವಿದ್ಯುತ್ ಸೈಟೊಂದಕ್ಕೆ ನಾನು ಮ್ಯಾನೇಜರ್. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಾದರೂ ಇಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ. ಗಾಳಿಯಿಂದ ಕರೆಂಟ್ ಮಾಡುವ ಮಷಿನ್‌ಗೆ ಮಾತ್ರ ಮರಾಠಿಯ ಹೆಸರು, ಪವನಚಕ್ಕಿ.

ಮೊದಲು ಬೆಳಗಿನ ಎರಡು ತಾಸು ವರದಿಗೇ ಹೋಗುತ್ತಿತ್ತು. ಪ್ರತಿ ಮಷಿನ್ 10 ನಿಮಿಷಕ್ಕೊಮ್ಮೆ ಗಾಳಿ, ಉತ್ಪಾದನೆ, ಬಿಸಿ ಎಲ್ಲದರ ಲೆಕ್ಕ ಕಳಿಸುತ್ತದೆ. ಮರುದಿನದ ಶೆಡ್ಯೂಲ್ ಬೇರೆ. ದಿನವನ್ನು 15 ನಿಮಿಷದ 96 ತುಂಡು ಮಾಡಿ, ಒಂದೊಂದರಲ್ಲೂ ಎಷ್ಟು ಕರೆಂಟ್ ಕೊಡ್ತೀವಿ ಅಂತ ಮೊದಲೇ ಹೇಳಬೇಕು. ಮಿತಿ ಮೀರಿ ತಪ್ಪಿದರೆ ದಂಡ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ, ಹಾಗಾಗಿ ಅಂದಾಜು ಸ್ವಲ್ಪ ತಪ್ಪಿದರೂ ಲೆಕ್ಕ ಜಾಸ್ತಿ ತಪ್ಪುತ್ತದೆ. ಈಗ ಎರಡನ್ನೂ ಎಐ ಮಾಡುತ್ತದೆ, ನನಗಿಂತ ಚೆನ್ನಾಗಿಯೇ. ಬರೀ ವರದಿ ಕೂಡಿಸುವ ಮ್ಯಾನೇಜರ್ ಹುದ್ದೆ ಉಳಿಯೋದಿಲ್ಲ ಅಂತ ನನಗೆ ಖಾತ್ರಿಯಾಗಿದೆ.

ಒಂದು ಜೂನ್‌ನಲ್ಲಿ, ಗಾಳಿ ಸೀಸನ್ ಜೋರಾಗಿದ್ದಾಗ, ಹದಿನೇಳನೇ ಮಷಿನ್‌ಗೆ ಎಐನಿಂದ ಕೆಂಪು ಎಚ್ಚರಿಕೆ ಬಂತು. ಗೇರ್‌ಬಾಕ್ಸ್ ಎಣ್ಣೆ ಬಿಸಿ, ಬೇರಿಂಗ್ ಹೋಗಿರಬಹುದು ಅಂತ. ಮಷಿನ್ ನಿಲ್ಲಿಸಿ, ಗೇರ್‌ಬಾಕ್ಸ್ ಕೆಳಗಿಳಿಸಲು ಕ್ರೇನ್‌ನವರಿಗೆ ಫೋನ್ ಮಾಡಲು ಹೊರಟಿದ್ದೆ. ನಮ್ಮ ಹಿರಿಯ ಟೆಕ್ನಿಷಿಯನ್ ತಡೆದರು. "ಸರ್, ಕ್ರೇನಿಗೆ ಈಗ್ಲೇ ಹೇಳಬ್ಯಾಡ್ರಿ. ಬೇರಿಂಗ್ ಹೋದ್ರ ಸಪ್ಪಳ ಬರ್ತೈತಿ. ಕೂಲರ್ ನೋಡಿ ಬರ್ತೀನಿ." ಗಾಳಿ ಇಳಿದ ಮೇಲೆ ಹತ್ತಿದರು. ಎಣ್ಣೆ ತಣಿಸುವ ಆ ಕೂಲರ್‌ನ ಸಂದಿಗಳಲ್ಲಿ ಧೂಳು, ಎಣ್ಣೆ ಸೇರಿ ಮೆತ್ತಿಕೊಂಡಿತ್ತು, ಬೆರಳು ಹಾಕಿದರೆ ಕರಿ ಹಿಟ್ಟಿನಂತೆ ಬರುತ್ತಿತ್ತು. ತೊಳೆದು ಚಾಲೂ ಮಾಡಿದೆವು, ಬಿಸಿ ಇಳಿಯಿತು.

ಎಐ ತಪ್ಪು ಮಾಡಿತು ಅಂತ ನಾನು ಹೇಳೋದಿಲ್ಲ. ಅದು ಎಚ್ಚರಿಸದೇ ಇದ್ದಿದ್ದರೆ ನಮಗೆ ಗೊತ್ತಾಗುವಷ್ಟರಲ್ಲಿ ಗೇರ್‌ಬಾಕ್ಸೇ ಹೋಗುತ್ತಿತ್ತೋ ಏನೋ. ಆದರೆ ಯಾಕೆ ಬಿಸಿಯಾಯ್ತು ಅನ್ನೋದು ಮೇಲೆ ಹೋದವರಿಗೆ ಸಿಕ್ಕಿತು, ಅಲ್ವಾ?

ನನಗೆ ನಿಜವಾಗಿ ಚಿಂತೆ ಹತ್ತಿದ್ದು ಆಮೇಲೆ. ನಾನು ಮಷಿನ್‌ಗಳ ಗುಣ ಕಲಿತದ್ದೇ ಆ ಬೇಸರದ ವರದಿಗಳಿಂದ. ಯಾವುದು ಮಧ್ಯಾಹ್ನ ಬಿಸಿಯಾಗುತ್ತೆ, ಯಾವುದು ಗಾಳಿ ಇದ್ದರೂ ಸೋಮಾರಿ ಅಂತ. ಹೊಸದಾಗಿ ಬಂದ ಎಂಜಿನಿಯರ್ ಹುಡುಗನಿಗೆ ವರದಿ ಸಿದ್ಧವಾಗಿಯೇ ಸಿಗುತ್ತದೆ. ನಾಳೆ ನನ್ನ ಕುರ್ಚಿಯಲ್ಲಿ ಕೂತಾಗ ಕ್ರೇನ್ ಕರೆಸಬೇಕೋ ಬೇಡವೋ ಅಂತ ಅವನು ಯಾವ ಬಲದ ಮೇಲೆ ಹೇಳಬೇಕು?

ಅದಕ್ಕೆ ಈಗ ದಿನಾ ಸ್ಕ್ರೀನ್ ತೆರೆಯುವ ಮೊದಲು ಮೂರು ಮಷಿನ್‌ಗಳ ಹಿಂದಿನ ದಿನದ ಅಂಕಿಗಳನ್ನು ಅವನೇ ನೋಡಿ, ತನ್ನ ಅಂದಾಜನ್ನು ನೋಟ್‌ಬುಕ್‌ನಲ್ಲಿ ಬರೆಯಬೇಕು. ಆಮೇಲೆ ಎಐ ಹೇಳಿದ್ದರ ಜೊತೆ ಹೋಲಿಸಿ ಮಾತಾಡುತ್ತೇವೆ. ಹೆಡ್ ಆಫೀಸಿನವರು ಇದು ಟೈಮ್ ವೇಸ್ಟ್ ಅಂದರು. ನಾನು ಬಿಟ್ಟಿಲ್ಲ. ನಾಳೆ ಹದಿನೇಳಕ್ಕೆ ಸರ್ವಿಸ್ ಇದೆ, ಅವನೂ ಹತ್ತುತ್ತಾನೆ.