ಯಾರ ಬೆರಳಿಗೆ ಅಂತ ತಂದೆ?

"ಅಲ್ಲ ಕಣೆ, ಇದು ಯಾರ ಬೆರಳಿಗೆ ಅಂತ ತಂದೆ?"

ಮಂಗಳವಾರ ಸಂಜೆ ಅಮ್ಮ ಕೇಳಿದ ಮಾತು ಇದು. ಅವತ್ತಿಂದ ಕಿವಿ ಬಿಟ್ಟು ಹೋಗಿಲ್ಲ. ಅನ್ನ ಬಸಿಯುವಾಗ, ಶಾಲೆಯಲ್ಲಿ ಹಾಜರಿ ಕೂಗುವಾಗ, ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಸುಮ್ನೆ ನಿಂತಿರುವಾಗ, ಮತ್ತೆ ಮತ್ತೆ ಅದೇ ಮಾತು.

ಮಗಳಿಗೆ ಹತ್ತು ವರ್ಷ. ನಾಲ್ಕು ತಿಂಗಳಿಂದ ಗಿಟಾರ್ ಕಲಿಯುತ್ತಿದ್ದಾಳೆ. ಭಾನುವಾರ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗ್ತೀನಿ. ಹೋದ ತಿಂಗಳು ಮೊದಲನೇ ತಂತಿ ಪಟ್ ಅಂತ ಹರಿಯಿತು. ಉಳಿದವೂ ಕೈಬೆವರಿಗೆ ಕಪ್ಪಾಗಿದ್ದವು. ಆರನ್ನೂ ಒಟ್ಟಿಗೆ ಬದಲಾಯಿಸೋಣ ಅಂತ ಬೆಂಗಳೂರಿನಲ್ಲಿರುವ ಮೈದುನನಿಗೆ ಹೇಳಿದೆ. ಅಂಗಡಿಯವರು "ಮೀಡಿಯಂ ತಗೊಳ್ಳಿ ಸಾರ್, ಸೌಂಡು ಗುಂಯ್ ಅನ್ನುತ್ತೆ" ಅಂದರಂತೆ. ಯಾರು ನುಡಿಸೋದು, ಎಷ್ಟು ವಯಸ್ಸು, ಯಾವ ಗಿಟಾರು, ಒಂದನ್ನೂ ಅವರು ಕೇಳಲಿಲ್ಲ. ನನ್ನ ಮೈದುನ ಒಳ್ಳೆಯ ಹುಡುಗ, ಆದರೆ ಅಂಗಡಿಯವರು ಗಟ್ಟಿಯಾಗಿ ಹೇಳಿದ್ದನ್ನೆಲ್ಲ ನಂಬ್ತಾನೆ. ಚಪ್ಪಲಿ ಕೊಳ್ಳುವಾಗಲೂ ಕಾಲಿನ ಅಳತೆ ಕೇಳ್ತಾರೆ. ತಂತಿ ಮಾರುವವರಿಗೆ ಕೈ ಯಾರದ್ದು ಅಂತ ಕೇಳೋಕೆ ಏನು ಕಷ್ಟ?

ಮೀಡಿಯಂ ಅಂದರೆ ದಪ್ಪವೂ ಅಲ್ಲದ, ತೆಳುವೂ ಅಲ್ಲದ ನಡುವಿನ ತಂತಿ ಅಂತ ನಾನೂ ಅಂದುಕೊಂಡೆ. ಎಡವಿದ್ದು ಅಲ್ಲೇ. ಗಿಟಾರಿನ ಲೆಕ್ಕದಲ್ಲಿ ಮೀಡಿಯಂ ಅಂದರೆ ದಪ್ಪ ತಂತಿಯೇ. ಒಂದು ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 13 ಭಾಗ ಮೊದಲನೇ ತಂತಿಯ ದಪ್ಪ, 56 ಭಾಗ ಆರನೆಯದ್ದು. ಲೈಟ್ ಅನ್ನುವುದು 12ರಿಂದ ಶುರು. ಅದಕ್ಕಿಂತ ಕೆಳಗೆ 11ರದ್ದು, ಆಮೇಲೆ ಎಕ್ಸ್‌ಟ್ರಾ ಲೈಟ್ ಅನ್ನುವ 10ರದ್ದು. ಅಂಗಡಿಗಳಲ್ಲಿ ಜನ ಬರೀ ಆ ಮೊದಲನೇ ಅಂಕಿ ಹೇಳಿ ಕೇಳ್ತಾರೆ, "ಹನ್ನೊಂದರದ್ದು ಕೊಡಿ" ಅಂತ.

ಹತ್ತಕ್ಕೂ ಹದಿಮೂರಕ್ಕೂ ಕಣ್ಣಿಗೆ ಏನೂ ವ್ಯತ್ಯಾಸ ಕಾಣಲ್ಲ. ಆದರೆ ಅದೇ ಉದ್ದದಲ್ಲಿ ಅದೇ ಸ್ವರ ಬರಬೇಕಾದರೆ ಭಾರದ ತಂತಿಯನ್ನು ಹೆಚ್ಚು ಬಿಗಿಯಬೇಕು. ಹತ್ತರ ಸೆಟ್ಟಿನ ಆರೂ ತಂತಿ ಸೇರಿ ಗಿಟಾರನ್ನು ಎಳೆಯುವುದು 60 ಕೆಜಿ ಆಸುಪಾಸು. ಹದಿಮೂರರದ್ದು 80 ಕೆಜಿ ದಾಟುತ್ತದೆ. ಒಂದೂವರೆ ಮೂಟೆ ಸಿಮೆಂಟಿಗಿಂತ ಜಾಸ್ತಿ ಭಾರ. ಅದನ್ನು ಒಂದು ತೆಳು ಹಲಗೆ ಹಗಲೂ ರಾತ್ರಿ ತಡೆದುಕೊಂಡು ನಿಂತಿರುತ್ತದೆ. ಮಗು ಒತ್ತಬೇಕಾಗಿರುವುದೂ ಅದೇ ಬಿಗಿಯನ್ನು.

ಆ ಮೀಡಿಯಂ ತಂತಿ ಕಟ್ಟಿದ ಮೇಲೆ ಎರಡು ವಾರ ಮಗಳು ಏನೂ ಹೇಳಲಿಲ್ಲ. ಮೊದಲು ಸ್ಕೂಲಿಂದ ಬಂದವಳೇ ಗಿಟಾರ್ ಎತ್ತಿಕೊಳ್ಳುತ್ತಿದ್ದಳು. ಆಮೇಲೆ "ಹೋಮ್‌ವರ್ಕ್ ಇದೆ ಅಮ್ಮ" ಶುರುವಾಯಿತು. ಕ್ಲಾಸಿನ ಮೇಷ್ಟ್ರನ್ನು ಕೇಳಿದರೆ, "ಬೆರಳು ಗಟ್ಟಿಯಾಗ್ಬೇಕು ಮೇಡಂ, ಅಭ್ಯಾಸ ಆಗುತ್ತೆ" ಅಂದರು. ಅವರು ತಾಳ ಚೆನ್ನಾಗಿ ಕಲಿಸ್ತಾರೆ, ಮಕ್ಕಳ ಮೇಲೆ ರೇಗಲ್ಲ. ಆದರೆ ಅವಳ ಎಡಗೈ ಹಿಡಿದು ಬೆರಳಿನ ತುದಿ ನೋಡಲಿಲ್ಲ. ನಾನೂ ನೋಡಲಿಲ್ಲ. ನೋಡಿದ್ದು ಅಮ್ಮ.

ಮಂಗಳವಾರ ಅಮ್ಮ ಜಡೆ ಹಾಕ್ತಾ ಇದ್ದರು. ಮೊಮ್ಮಗಳ ಕೈಗೆ ಟೇಪು ಕೊಟ್ಟಾಗ ಅವಳು ಬೆರಳ ತುದಿ ತಾಗಿಸದೆ ಅಂಗೈಯಲ್ಲಿ ಹಿಡಿದುಕೊಂಡಳಂತೆ. ಅಷ್ಟು ಸಾಕಾಯಿತು. ಕೈ ತಿರುಗಿಸಿ ನೋಡಿದರೆ ನಾಲ್ಕೂ ಬೆರಳಲ್ಲಿ ಗೀರು, ಉಂಗುರದ ಬೆರಳಲ್ಲಿ ಬೊಕ್ಕೆ ಒಡೆದು ಕೆಂಪು ಕಾಣುತ್ತಿತ್ತು. ಅಮ್ಮ ಗಿಟಾರನ್ನು ತೊಡೆ ಮೇಲೆ ಅಡ್ಡ ಮಲಗಿಸಿಕೊಂಡರು. ಒಂದೊಂದೇ ತಂತಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಕಣ್ಣು ಮುಚ್ಚಿ, ಉದ್ದಕ್ಕೂ ಸವರಿದರು. ಆಮೇಲೆ ನನ್ನ ಮುಖ ನೋಡಿ ಕೇಳಿದ್ದು: "ಅಲ್ಲ ಕಣೆ, ಇದು ಯಾರ ಬೆರಳಿಗೆ ಅಂತ ತಂದೆ?"

ನಮ್ಮ ಅಮ್ಮ ಮೂವತ್ತು ವರ್ಷ ಬಿಚ್ಚಾಣಿಕೆ ಮಾಡಿದವರು. ಕುದಿಯುವ ನೀರಲ್ಲಿ ಬೆಂದ ರೇಷ್ಮೆಗೂಡಿನಿಂದ ಎಳೆಯ ತುದಿ ಹುಡುಕಿ, ಏಳೆಂಟು ಎಳೆ ಕೂಡಿಸಿ ಒಂದು ನೂಲು ಮಾಡುವ ಕೆಲಸ. ಇಪ್ಪತ್ತು ಇಪ್ಪತ್ತೆರಡು ಡೀನಿಯರ್ ನೂಲು ಅಂದರೆ 9000 ಮೀಟರ್ ಉದ್ದಕ್ಕೆ 20-22 ಗ್ರಾಂ ಅಷ್ಟೇ ತೂಕ. ಅದರಲ್ಲಿ ಒಂದು ಗೂಡಿನ ಎಳೆ ತುಂಡಾದರೂ ಅಮ್ಮನ ಬೆರಳಿಗೆ ಗೊತ್ತಾಗುತ್ತಿತ್ತು. ಅಂಥ ಬೆರಳು ಮನೆಯಲ್ಲೇ ಇದ್ದರೂ ತಂತಿ ತರುವ ಮೊದಲು ನಾನು ಒಂದು ಮಾತು ಕೇಳಲಿಲ್ಲ. ಗಿಟಾರಿಗೂ ಅಮ್ಮನಿಗೂ ಏನು ಸಂಬಂಧ ಅಂತ ಅಂದುಕೊಂಡಿದ್ದೆ.

ಅವತ್ತು ರಾತ್ರಿ ಅಮ್ಮ ಇನ್ನೊಂದು ಮಾತು ಹೇಳಿದರು. ಹದಿನಾಲ್ಕನೇ ವಯಸ್ಸಲ್ಲಿ ಮೊದಲ ದಿನ ಬಿಸಿನೀರಿಗೆ ಕೈ ಹಾಕಿ ಕಿರುಚಿದಾಗ, ನೂಲು ತೆಗೆಯುವ ಫಿಲೇಚರಿನ ಯಜಮಾನ ಹೇಳಿದನಂತೆ: "ಬೆರಳು ಗಟ್ಟಿಯಾಗುತ್ತೆ, ಅಭ್ಯಾಸ ಆಗುತ್ತೆ." ನಮ್ಮ ಮೇಷ್ಟ್ರು ಹೇಳಿದ್ದೂ ಹೆಚ್ಚುಕಮ್ಮಿ ಇದೇ ಮಾತು. "ಗಟ್ಟಿ ಏನೋ ಆಯ್ತು. ಆಮೇಲೆ ನಿನ್ನ ಎತ್ಕೊಂಡಾಗ ನಿನ್ನ ಕೆನ್ನೆ ಮೆತ್ತಗಿದ್ಯಾ ಅನ್ನೋದೂ ಗೊತ್ತಾಗ್ತಿರ್ಲಿಲ್ಲ" ಅಂದರು. ನೂಲಲ್ಲಿ ಒಂದು ಎಳೆ ತುಂಡಾದರೆ ಗೊತ್ತು ಮಾಡುತ್ತಿದ್ದ ಬೆರಳು ಅದು. ನನಗೆ ನಿದ್ದೆ ಬರಲಿಲ್ಲ.

ಗಿಟಾರ್ ಕಲಿಯುವವರಿಗೆ ಬೆರಳ ತುದಿ ಸ್ವಲ್ಪ ಗಟ್ಟಿಯಾಗುವುದು ಇದ್ದದ್ದೇ. ಅದು ಸುಳ್ಳಲ್ಲ. ಆದರೆ ನುಡಿಸಿ ನುಡಿಸಿ ಬರುವ ಗಟ್ಟಿತನ ಬೇರೆ, ತಪ್ಪು ತಂತಿ ಹಾಕಿ ಗಾಯ ಮಾಡುವುದು ಬೇರೆ. ನೋವು ತಡೆದುಕೊಳ್ಳೋದೇ ಕಲಿಕೆ ಅಂತ ನಾವು ಎಷ್ಟು ಸಲೀಸಾಗಿ ಹೇಳಿಬಿಡ್ತೀವಿ ಅಲ್ವಾ? ಅದೂ ನೋವು ಇನ್ನೊಬ್ಬರದ್ದಾದಾಗ.

ಆ ರಾತ್ರಿ ಕೂತು ಓದಿದೆ. 80/20 ಅಂತ ಬರೆದಿರುವ ತಂತಿಗೆ ಸುತ್ತಿರುವುದು 80 ಪಾಲು ತಾಮ್ರ, 20 ಪಾಲು ಸತು. ಶುರುವಿನಲ್ಲಿ ಪಳಪಳ ಅನ್ನುವ ನಾದ, ಬೇಗ ಮಂಕಾಗುತ್ತದೆ. ಫಾಸ್ಫರ್ ಬ್ರಾಂಜ್‌ನಲ್ಲಿ ತಾಮ್ರದ ಜೊತೆ ತವರ, ಚೂರು ರಂಜಕ. ನಾದ ಬೆಚ್ಚಗೆ, ಬಾಳಿಕೆ ಜಾಸ್ತಿ. ಬೆವರು ಇಳಿಯದ ಹಾಗೆ ಲೇಪ ಹಾಕಿದವೂ ಇವೆ, ಬೆಲೆ ದುಬಾರಿ. ನೈಲಾನ್ ತಂತಿ ಬೆರಳಿಗೆ ಎಲ್ಲಕ್ಕಿಂತ ಮೆತ್ತಗೆ, ಆದರೆ ಅದು ಕ್ಲಾಸಿಕಲ್ ಗಿಟಾರಿಗೆ. ನಮ್ಮ ಸ್ಟೀಲ್ ತಂತಿಯ ಗಿಟಾರಿಗೆ ಅದನ್ನು ಕಟ್ಟಿದರೆ ಹಲಗೆ ಸರಿಯಾಗಿ ಕಂಪಿಸಲ್ಲ, ದನಿ ಸತ್ತಂತಿರುತ್ತದೆ. ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ಹಾಕುವುದಂತೂ ಕೂಡದು, ಹಲಗೆ ಮೇಲೆ ತಂತಿ ಕಟ್ಟುವ ಪಟ್ಟಿ, ಬ್ರಿಡ್ಜೇ ಕಿತ್ತುಬರಬಹುದು.

ಹೀಗೆ ಓದುತ್ತಾ ಒಂದು ಕಡೆ ಕಣ್ಣು ನಿಂತಿತು. ಸಿಲ್ಕ್ ಅಂಡ್ ಸ್ಟೀಲ್. ಒಳಗೆ ಉಕ್ಕಿನ ಎಳೆ, ಅದರ ಮೇಲೆ ರೇಷ್ಮೆ, ಅದರ ಮೇಲೆ ಬೆಳ್ಳಿ ಲೇಪದ ತಾಮ್ರದ ಸುತ್ತು. ಬಿಗಿ ಕಡಿಮೆ, ದನಿ ಸಣ್ಣದು, ಬೆರಳಿಗೆ ಹಿತ, ಹಳೇ ಗಿಟಾರಿಗೂ ಒಳ್ಳೆಯದು. 1940ರ ದಶಕದಲ್ಲಿ ನೈಲಾನ್ ಬರುವವರೆಗೂ ಕ್ಲಾಸಿಕಲ್ ಗಿಟಾರಿನ ತೆಳು ತಂತಿ ಪ್ರಾಣಿಯ ಕರುಳಿನದ್ದು, ದಪ್ಪ ತಂತಿಯ ಒಳಗೆ ಇರುತ್ತಿದ್ದದ್ದು ರೇಷ್ಮೆ. ಎರಡನೇ ಮಹಾಯುದ್ಧದಲ್ಲಿ ಕರುಳೆಲ್ಲ ಗಾಯದ ಹೊಲಿಗೆಗೆ ಹೋಯಿತು, ಅದಕ್ಕೇ ತಂತಿಗೆ ನೈಲಾನ್ ಬಳಸೋಕೆ ಶುರುವಾಗಿದ್ದು. ಶಿಡ್ಲಘಟ್ಟದಲ್ಲೇ ಹುಟ್ಟಿ, ಗೂಡಿನ ವಾಸನೆಯಲ್ಲೇ ಬೆಳೆದ ನನಗೆ ರೇಷ್ಮೆ ಹಾಡುತ್ತೆ ಅಂತ ಇದುವರೆಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಅಮ್ಮನಿಗೆ ಹೇಳಿದೆ. "ತಂತಿ ಒಳಗೆ ರೇಷ್ಮೆನಾ?" ಅಂತ ಮೂರು ಸಲ ಕೇಳಿದರು. ಅವತ್ತೇ ತರಿಸಲು ಹಾಕಿದೆ, 11ರಿಂದ 47ರ ಸೆಟ್ಟು. ಶನಿವಾರ ಬಂತು.

ಹಳೇ ತಂತಿ ಬಿಚ್ಚುವಾಗ ಬ್ರಿಡ್ಜಿನ ಹಿಂದೆ ಹಲಗೆ ಸ್ವಲ್ಪ ಉಬ್ಬಿದ್ದು ಕಂಡಿತು. ಒಂದೊಂದೇ ಬಿರಡೆ ಸಡಿಲಿಸಿ, ಒಂದೊಂದೇ ಹೊಸದು ಕಟ್ಟಿದೆವು. ಮೊದಲೆರಡು ತಂತಿ ಇದರಲ್ಲೂ ಬರೀ ಉಕ್ಕಿನವೇ, ಆದರೆ ತೆಳು. ಮೂರರಿಂದ ಆರರವರೆಗೆ ಮಾತ್ರ ಒಳಗೆ ಎಳೆ. ಮಗಳು ಹೆದರುತ್ತಲೇ ಒಂದು ಬೆರಳಿಟ್ಟಳು. ಒತ್ತಿದಳು. ನನ್ನ ಕಡೆ ನೋಡಿದಳು. ಇನ್ನೊಂದು ಬೆರಳಿಟ್ಟಳು. ಗುಂಯ್ ಅನ್ನಲಿಲ್ಲ. ಯಾರೋ ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿದ ಹಾಗೆ ಕೇಳಿತು.

ಬಿರಡೆಯ ಆಚೆ ಉಳಿದ ತಂತಿಯ ತುಂಡು ಕತ್ತರಿಸಿ ಹಾಕಿದ್ದೆ. ಅಮ್ಮ ಅದನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಕೂತರು. ಉಗುರಿನಿಂದ ಬೆಳ್ಳಿಯ ಸುತ್ತು ಬಿಡಿಸಿದರು. ಒಳಗಿಂದ ಬಿಳಿ ಎಳೆಗಳು ಹೂವಿನ ಕೇಸರದ ಹಾಗೆ ಬಿಚ್ಚಿಕೊಂಡವು. ಒಂದು ಎಳೆ ಹಿಡಿದು ಸವರಿದರು, ಏನೂ ಹೇಳಲಿಲ್ಲ. ದೇವರ ಮುಂದಿನ ಬೆಂಕಿಪೊಟ್ಟಣ ತಂದು ಕಡ್ಡಿ ಗೀರಿದರು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಇದು ಕರಗಿ, ತುದಿಯಲ್ಲಿ ಸಾಸಿವೆಯಷ್ಟು ಗಟ್ಟಿ ಮಣಿ ಕಟ್ಟಿತು. ನೈಲಾನ್. ಈಗ ಎಷ್ಟೋ ಸೆಟ್ಟುಗಳಲ್ಲಿ ಹೆಸರಷ್ಟೇ ರೇಷ್ಮೆಯದ್ದು.

ನನಗೆ ಪಿಚ್ಚೆನಿಸಿತು. ಅಮ್ಮ ಆ ಮಣಿಯನ್ನು ಬೆರಳಲ್ಲಿ ಉರುಳಿಸುತ್ತಾ ಒಳಗಿನ ಸದ್ದು ಕೇಳಿಸಿಕೊಂಡರು. ಮಗಳು ಕೆಲವು ಸ್ವರ ಒಟ್ಟಿಗೆ ಮೀಟುವ ಅದೇ ಎರಡು ಕಾರ್ಡು ಬಿಡದೆ ನುಡಿಸುತ್ತಿದ್ದಳು.

"ರೇಷ್ಮೆ ಅಲ್ಲ" ಅಂದರು. "ಆದ್ರೆ ಅವಳ ಬೆರಳಿಗೆ ಆಗುತ್ತೆ. ಇರ್ಲಿ ಬಿಡು."